ಅಜ್ಜನ ಒಡ್ಡು, ಅಪ್ಪನ ಎಸ್ಸೆಸ್ಸೆಲ್ಸಿ

2015ರ ನವೆಂಬರ್‌ನಲ್ಲಿ ಅಂಗೈಯಗಲದ ಒಂದು ಯಂತ್ರ ನಮ್ಮ ಅಜ್ಜ ಬದುಕಿರುವುದನ್ನು ಒಪ್ಪಲಿಲ್ಲ. ಅಜ್ಜ ಅದರ ಮುಂದೆಯೇ ಕುಳಿತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ತಲೆಗೆ ಟೋಪಿ, ಕಾಲಿಗೆ ಮಾತ್ರ ಪಾಲಿಶ್ ಹೊಡೆದ ಕರಿ ಬೂಟು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ, ತಾವು ಜೀವಂತ ಇದ್ದೇವೆ ಎಂದು ಬರೆದುಕೊಡಬೇಕು. ಅದರ ಹಿಂದಿನ ವರ್ಷವಷ್ಟೇ ‘ಜೀವನ್ ಪ್ರಮಾಣ್’ ಜಾರಿಗೆ ಬಂದಿತ್ತು. ಆಧಾರ್ ಸಂಖ್ಯೆ ಹೇಳಿ ಬೆರಳು ಒತ್ತಿದರೆ ಸಾಕು, ಕಾಗದವೂ ಬೇಡ, ಸಹಿಯೂ ಬೇಡ. ಅಜ್ಜ ಹೆಬ್ಬೆರಳು ಒತ್ತಿದ. ಕೆಂಪು ದೀಪ. ತೋರುಬೆರಳು. ಕೆಂಪು ದೀಪ. ಹತ್ತೂ ಬೆರಳು ಮುಗಿದವು. ಕೌಂಟರಿನ ಹುಡುಗಿ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಎಂದಳು. ಮತ್ತೆ ಹತ್ತು ಬೆರಳು, ಮತ್ತೆ ಕೆಂಪು.

ಕೊನೆಗೆ ಅವಳು ಅಜ್ಜನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ನಾನೂ ಬಗ್ಗಿ ನೋಡಿದೆ. ಇಷ್ಟು ವರ್ಷ ಆ ಕೈ ಹಿಡಿದುಕೊಂಡೇ ಜಾತ್ರೆ, ಸಂತೆ ಎಲ್ಲ ತಿರುಗಿದವನು ನಾನು, ಆದರೆ ಬೆರಳ ತುದಿಯನ್ನು ಹಾಗೆ ಎಂದೂ ನೋಡಿರಲಿಲ್ಲ. ಅಲ್ಲಿ ಗೆರೆಗಳೇ ಇರಲಿಲ್ಲ. ಹಳ್ಳದ ಗುಂಡುಕಲ್ಲಿನ ಹಾಗೆ ನುಣುಪು. ಅಲ್ಲೊಂದು ಇಲ್ಲೊಂದು ಒಡಕು, ಒಡಕಿನೊಳಗೆ ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣು.

“ಅಜ್ಜಾ, ನಿಮಗೆ ಬೆರಳಚ್ಚೇ ಇಲ್ಲವಲ್ಲ!”

“ಇತ್ತವ್ವ. ಕಲ್ಲಿಗೆ ಹೋಯಿತು,” ಎಂದ ಅಜ್ಜ.

ಆ ಬ್ಯಾಂಕಿನ ಹೆಸರು ಬೇಡ. ಅವರು ಕೆಟ್ಟವರೇನಲ್ಲ, ಮೂರು ಸಲ ಅಲೆದಾಡಿಸಿ ನಾಲ್ಕನೆಯ ಸಲ ಹಳೆಯ ಕ್ರಮದಲ್ಲೇ ಕಾಗದದ ಮೇಲೆ ಸಹಿ ತೆಗೆದುಕೊಂಡರು. ಆದರೆ ಅಜ್ಜನ ಬಗ್ಗೆ ಬರೆಯಬೇಕು ಎಂದುಕೊಂಡಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಕೌಂಟರೇ ಹೊರತು ಯಾವ ಯುದ್ಧವೂ ಅಲ್ಲ. ಊರಿನವರಿಗೆ ಅವನು ‘ಮಿಲ್ಟ್ರಿ ಅಜ್ಜ’. ಅವನ ಬದುಕಿನ 16 ವರ್ಷ ಸೇನೆಯಲ್ಲಿ ಕಳೆಯಿತು, 38 ವರ್ಷ ನಾಲ್ಕೂವರೆ ಎಕರೆ ಹೊಲದಲ್ಲಿ. ಹೆಸರು ಮಾತ್ರ ಆ ಹದಿನಾರಕ್ಕೇ ಅಂಟಿಕೊಂಡಿತು.

ನಮ್ಮ ಊರು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿನಲ್ಲಿದೆ. ಊರು ಕದಲದೆ ಇದ್ದಲ್ಲೇ ಇದೆ, ಅದರ ವಿಳಾಸ ಮಾತ್ರ ಓಡಾಡಿದೆ. ಅಜ್ಜ ಹುಟ್ಟಿದಾಗ ಅದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಅವನು ಸೇನೆಗೆ ಸೇರುವಾಗ ಮೈಸೂರು ರಾಜ್ಯ. 1973ರ ನವೆಂಬರ್ 1ರಂದು ಅದು ಕರ್ನಾಟಕವಾದಾಗ ಅವನು ಎಲ್ಲೋ ಉತ್ತರದಲ್ಲಿದ್ದ. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಗದಗ, ಹಾವೇರಿ ಮಾಡಿದರು. ಪಿಂಚಣಿ ಪುಸ್ತಕದಲ್ಲಿ ಮಾತ್ರ ಅವನು ಸಾಯುವವರೆಗೂ ಧಾರವಾಡ ಜಿಲ್ಲೆಯವನೇ. ಹುಟ್ಟಿದ ದಿನ 1943ರ ಜೂನ್ 1 ಎಂದಿತ್ತು. ಆ ಕಾಲದ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ, ಶಾಲೆಗೆ ಹೆಸರು ಹಚ್ಚಿದ ಮಾಸ್ತರರ ಕೃಪೆ.

ಸೇನೆಗೆ ಏಕೆ ಹೋದೆ ಎಂದು ಕೇಳಿದರೆ ಅಜ್ಜ ದೇಶದ ಮಾತು ಆಡುತ್ತಿರಲಿಲ್ಲ. ಹತ್ತಿ ಹೇರಿಕೊಂಡು ಚಕ್ಕಡಿಯಲ್ಲಿ ಗದುಗಿನ ಪೇಟೆಗೆ ಹೋಗಿದ್ದನಂತೆ. 1963ರ ಜನವರಿ, ಚೀನಾ ಯುದ್ಧ ಮುಗಿದು ಎರಡು ತಿಂಗಳೂ ಆಗಿರಲಿಲ್ಲ, ಎಲ್ಲೆಡೆ ಭರ್ತಿ ನಡೆದಿತ್ತು. ಹತ್ತಿಗೆ ಬಂದ ಹಣ ಸಾಲಗಾರನಿಗೆ ಅಲ್ಲಿಯೇ ಸಂದಾಯವಾಯಿತು. ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ ಎಂದು ನಿಂತಿದ್ದವನಿಗೆ ಎದೆಯ ಅಳತೆ ತೆಗೆಯುತ್ತಿದ್ದ ಸಾಲು ಕಂಡಿತು. ಚಕ್ಕಡಿಯನ್ನು ಊರಿನವರೊಬ್ಬರ ಕೈಗೆ ಕೊಟ್ಟು ಸಾಲಿನಲ್ಲಿ ನಿಂತ. “ಎತ್ತುಗಳು ಮನೆಗೆ ಹೋದವು, ನಾನು ಬೆಂಗಳೂರಿಗೆ ಹೋದೆ” ಎಂದು ಹೇಳಿ ನಗುತ್ತಿದ್ದ. ನನಗೇನೋ ಇದರಲ್ಲಿ ನಾಚಿಕೆಪಡುವಂಥದ್ದು ಕಾಣುವುದಿಲ್ಲ. ಮಳೆಯನ್ನೇ ನಂಬಿದ ಈ ಸೀಮೆಯಿಂದ ಸೇನೆಗೆ ಹೋದ ಎಷ್ಟೋ ಜನರ ಕಥೆಯನ್ನು ಕೆದಕಿದರೆ ಕೆಳಗೆ ಸಿಗುವುದು ಇಂಥದ್ದೇ ಒಂದು ಸಾಲದ ಚೀಟಿ.

ಬೆಂಗಳೂರಿನಲ್ಲಿ ಹಲಸೂರು ಕೆರೆಯ ದಂಡೆಗೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. 1780ರಷ್ಟು ಹಿಂದಿನ ಪಡೆ, ಜನ ಹೇಳುವುದು ಮದ್ರಾಸ್ ಸ್ಯಾಪರ್ಸ್ ಎಂದು. ಅಲ್ಲಿಯ ಸೈನಿಕರನ್ನು ಪ್ರೀತಿಯಿಂದ ‘ತಂಬಿ’ ಎನ್ನುತ್ತಾರೆ. ಹೀಗಾಗಿ ನಮ್ಮ ಅಜ್ಜ ಕರ್ನಾಟಕದ ರಾಜಧಾನಿಯಲ್ಲಿ ಕುಳಿತು ಕಲಿತದ್ದು ತಮಿಳು. ಸಿಟ್ಟು ಬಂದಾಗ ಎತ್ತುಗಳಿಗೆ ಕೊನೆಯವರೆಗೂ ತಮಿಳಿನಲ್ಲೇ ಬಯ್ಯುತ್ತಿದ್ದ. ಅಮ್ಮನಿಗೆ ಗೊತ್ತಾಗದಿರಲಿ ಎಂದಿರಬೇಕು. (ನಮ್ಮಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತೇವೆ, ಹೆತ್ತವಳು ಅವ್ವ.)

ಸ್ಯಾಪರ್ ಎಂದರೆ ಬಂದೂಕು ಹಿಡಿದ ಗೌಂಡಿ ಎಂದು ಅಜ್ಜ ಹೇಳುತ್ತಿದ್ದ. ಸೇನೆ ಮುಂದೆ ಹೋಗಬೇಕಾದರೆ ಸೇತುವೆ ಕಟ್ಟುವವರು, ದಾರಿ ಕಡಿಯುವವರು, ನೆಲದಲ್ಲಿ ಹುಗಿದ ಮೈನುಗಳನ್ನು ಹುಡುಕಿ ತೆಗೆಯುವವರು ಇವರು. ಹಿಂದೆ ಸರಿಯಬೇಕಾದರೆ ಅದೇ ಸೇತುವೆ ಒಡೆಯುವವರೂ ಇವರೇ. ‘ಸರ್ವತ್ರ’ ಎಂಬುದು ಎಂಜಿನಿಯರ್ ದಳದ ಧ್ಯೇಯವಾಕ್ಯ. ಅಜ್ಜ ಅದಕ್ಕೆ ಕೊಟ್ಟ ಅರ್ಥ: ಎಲ್ಲಿ ಕೆಸರಿದೆಯೋ ಅಲ್ಲೆಲ್ಲ.

ಇತ್ತ ಊರಿನಲ್ಲಿ ಅಮ್ಮನ ಪಾಲಿಗೆ ಗಂಡ ಎಂದರೆ ತಿಂಗಳಿಗೆ ಮೂವತ್ತು ರೂಪಾಯಿಯ ಒಂದು ಮನಿಯಾರ್ಡರ್ ಮತ್ತು ‘56 ಎಪಿಓ’ ಎಂಬ ಸೇನಾ ಅಂಚೆಯ ವಿಳಾಸ. ಅದು ಯಾವ ಊರು ಎಂದು ಅವಳು ಅಂಚೆಯವನನ್ನು ಕೇಳಿದ್ದಳಂತೆ. ಎಲ್ಲ ಸೈನಿಕರೂ ಅದೇ ಊರಿನಲ್ಲಿರುತ್ತಾರೆ ಎಂದು ಅವನು ಹೇಳಿದ. ಅಷ್ಟು ದೊಡ್ಡ ಊರಿನಲ್ಲಿ ಇವರಿಗೆ ಊಟ ಯಾರು ಬಡಿಸುತ್ತಾರೋ ಎಂಬುದು ಅವಳ ಚಿಂತೆ. 1971ರ ಡಿಸೆಂಬರ್‌ನಲ್ಲಿ ಯುದ್ಧ ನಡೆದ ಎರಡು ವಾರ, ಆಮೇಲೆ ಇನ್ನೂ ಐದು ವಾರ, ಕಾಗದ ಬರಲಿಲ್ಲ. ಡಾಕಾದಲ್ಲಿ ಗೆದ್ದೆವು ಎಂದು ಊರಿನಲ್ಲಿ ಪೇಡೆ ಹಂಚಿದರು. ಅವಳು ಪೇಡೆ ಮುಟ್ಟಲಿಲ್ಲ. ಮರುವರ್ಷ ಬಂದದ್ದು ಎಪ್ಪತ್ತೆರಡರ ಬರ. ಯುದ್ಧ ಗೆದ್ದ ಸೈನಿಕನ ಹೆಂಡತಿ ಮೂರು ವರ್ಷದ ಮಗನನ್ನು, ಅಂದರೆ ನಮ್ಮ ಅಪ್ಪನನ್ನು, ಬೇವಿನ ನೆರಳಿನಲ್ಲಿ ಮಲಗಿಸಿ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದಳು. ಮನೆಯಲ್ಲಿ ಯಾರು ಹೆಚ್ಚು ಕಲ್ಲು ಮುಟ್ಟಿದ್ದಾರೆ ಎಂಬ ಮಾತು ಬಂದಾಗ ಅಜ್ಜ ಸುಮ್ಮನಾಗುತ್ತಿದ್ದುದಕ್ಕೆ ಇದೇ ಕಾರಣ.

1979ರಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಬಂದಾಗ ಅಜ್ಜನಿಗೆ ಮೂವತ್ತಾರು ವರ್ಷ. ಪಿಂಚಣಿ ಸಾಲುತ್ತಿರಲಿಲ್ಲ. ಗದುಗಿನಲ್ಲಿ ರಾತ್ರಿ ಕಾವಲಿನ ಕೆಲಸ ಹಿಡಿದ. ಸಂಜೆಯ ಬಸ್ಸಿಗೆ ಹೋಗಿ, ಜೋಡುನಳಿಗೆಯ ಬಂದೂಕು ಹಿಡಿದು ರಾತ್ರಿಯಿಡೀ ಸ್ಟೂಲಿನ ಮೇಲೆ ಕುಳಿತು, ಬೆಳಗಿನ ಮೊದಲ ಬಸ್ಸಿಗೆ ಬಂದು ನೇರವಾಗಿ ಹೊಲಕ್ಕೆ. ಅಮ್ಮ ಅಲ್ಲಿಗೇ ಬುತ್ತಿ ಒಯ್ಯುತ್ತಿದ್ದಳು: ಎರಡು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡೆ. ಮಧ್ಯಾಹ್ನ ಎರಡರಿಂದ ಐದರವರೆಗೆ ನಿದ್ದೆ. ಹೀಗೆ ಹನ್ನೊಂದು ವರ್ಷ. ಆ ಮೂರು ತಾಸು ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ ಎಂದು ಅತ್ತೆಯಂದಿರು ಇಂದಿಗೂ ಪಿಸುಮಾತಿನಲ್ಲೇ ಹೇಳುತ್ತಾರೆ.

ಹೊಲವಾದರೂ ಎಂಥದ್ದು? ನರಗುಂದ, ರೋಣದ ಕಡೆಯ ಎರೆ ಭೂಮಿಯಲ್ಲ. ಎರೆಯಾದರೆ ಹಿಂಗಾರಿಗೆ ಒಂದು ಮಳೆ ಕುಡಿದು ಬಿಳಿಜೋಳ, ಕಡಲೆ, ಕುಸುಬೆಯನ್ನು ಇಬ್ಬನಿಯ ಮೇಲೆಯೇ ಬೆಳೆದುಬಿಡುತ್ತದೆ. ನಮ್ಮದು ಗುಡ್ಡದ ಇಳಿಜಾರಿನ ಮಸಾರಿ, ಗೇಣು ಮಣ್ಣಿನ ಕೆಳಗೆ ಗರಸು. ಜಿಲ್ಲೆಗೆ ಬೀಳುವುದೇ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದೂ ಬಿದ್ದರೆ ಒಂದೇ ತಾಸಿನಲ್ಲಿ ಧೋ ಎಂದು ಬಿದ್ದು, ಮಣ್ಣನ್ನು ತೊಳೆದುಕೊಂಡು ಕೆಂಪಗೆ ಹಳ್ಳಕ್ಕೆ ಹೋಗುತ್ತದೆ. ಅಜ್ಜ ಬಂದ ವರ್ಷ ಹೊಲದ ಕೆಳಗಿನ ಮೂಲೆಯಲ್ಲಿ ಆಳೆತ್ತರದ ಕೊರಕಲು ಬಿದ್ದಿತ್ತು. ಅದನ್ನು ನೋಡಿಕೊಂಡು ಎರಡು ದಿನ ಸುಮ್ಮನೆ ಕುಳಿತಿದ್ದನಂತೆ. ಮೂರನೆಯ ದಿನ ಗದುಗಿನಿಂದ ಬರುವಾಗ ನಲವತ್ತು ಅಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ತಂದ.

ಈ ಟ್ಯೂಬಿನ ಕೆಲಸ ಗೌಂಡಿಗಳಿಗೆಲ್ಲ ಗೊತ್ತು. ಒಳಗೆ ನೀರು ತುಂಬಿ ಎರಡೂ ತುದಿಗಳನ್ನು ಇಬ್ಬರು ಎತ್ತಿ ಹಿಡಿದರೆ, ನಡುವೆ ನೆಲ ಹೇಗೇ ಏರಿಳಿಯಲಿ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿ ಅಜ್ಜನ ಕೈಯಲ್ಲಿ, ಇನ್ನೊಂದು ಹತ್ತು ವರ್ಷದ ಅಪ್ಪನ ಕೈಯಲ್ಲಿ. ಇಬ್ಬರ ಬಳಿಯೂ ಗುರುತು ಕೊರೆದ ಒಂದೊಂದು ಕೋಲು. ಅಜ್ಜ “ಮೇಲೆ ಹೋಗು, ಕೆಳಗೆ ಬಾ” ಎನ್ನುತ್ತ, ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬಂದಲ್ಲಿ ಗೂಟ ಹೊಡೆದು, ಹಳೆಯ ಧೋತರದ ಬಿಳಿ ಚಿಂದಿ ಕಟ್ಟುವನು. ಟ್ಯೂಬಿನಲ್ಲಿ ಒಂದು ಗಾಳಿಯ ಗುಳ್ಳೆ ಉಳಿದರೂ ಮಟ್ಟ ಸುಳ್ಳಾಗುತ್ತದೆ. ಗುಳ್ಳೆ ಕಂಡರೆ ನೀರನ್ನೆಲ್ಲ ಚೆಲ್ಲಿ ಮೊದಲಿನಿಂದ ತುಂಬಬೇಕು. ಹಳ್ಳದಿಂದ ಆ ನೀರು ಹೊತ್ತು ತರುವ ಕೆಲಸವೂ ಅಪ್ಪನದೇ. ಸಂಜೆಯ ಹೊತ್ತಿಗೆ ಇಳಿಜಾರಿಗೆ ಅಡ್ಡವಾಗಿ, ಹಾವಿನ ಹಾಗೆ ಬಳುಕುತ್ತ, ಬಿಳಿ ಚಿಂದಿಗಳ ಒಂದು ಸಾಲು ನಿಂತಿರುತ್ತಿತ್ತು. ಆ ಸಾಲಿನ ಮೇಲೆ ಕಲ್ಲಿನ ಒಡ್ಡು. ತಳಕ್ಕೆ ಮೂರು ಅಡಿ, ತಲೆಗೆ ಒಂದೂವರೆ, ಸಂದಿಗಳಿಗೆ ಚಕ್ಕೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಒಂದು ತುದಿಯಲ್ಲಿ ಹೆಚ್ಚಾದ ನೀರು ಇಳಿಯಲು ಕೋಡಿ, ಕೋಡಿಯ ಕೆಳಗೆ ನೀರು ಬಿದ್ದು ಗುಂಡಿಯಾಗದ ಹಾಗೆ ಹಾಸುಗಲ್ಲು. ಹೀಗೆ ಏಳು ಒಡ್ಡುಗಳು ಮುಗಿಯಲು ಕಾವಲಿನ ಹನ್ನೊಂದು ವರ್ಷವೂ ಹಿಡಿಯಿತು. ಏಳನೆಯದು ಮುಗಿಯುವ ಹೊತ್ತಿಗೆ ಮೊದಲನೆಯದರ ಹಿಂದೆ ಮೊಣಕಾಲುದ್ದ ಮಣ್ಣು ನಿಂತು, ಶೇಂಗಾ ಬೆಳೆಯುತ್ತಿತ್ತು.

ಮೂರನೆಯ ಒಡ್ಡು ಮಾತ್ರ ನಮ್ಮ ಮನೆಯಲ್ಲಿ ಇಂದಿಗೂ ಮಾತಿಗೆ ಬಂದರೆ ಗಂಟಲು ಬಿಗಿಯುವ ವಿಷಯ. 1985ರ ಬೇಸಿಗೆ. ಅಪ್ಪನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹದಿನೈದು ದಿನ ಇತ್ತು. ಕಲ್ಲು ಹೇರಲು ಬಾಡಿಗೆ ಚಕ್ಕಡಿ ಸಿಕ್ಕಿದ್ದು ಆಗಲೇ, ಜೊತೆಗಿದ್ದ ಆಳು ಜ್ವರ ಬಂದು ಮಲಗಿದ್ದೂ ಆಗಲೇ. ಮುಂಗಾರಿಗೆ ಮೊದಲು ಒಡ್ಡು ಮುಗಿಯದಿದ್ದರೆ ಮೇಲಿನ ಎರಡೂ ಹೋಗುತ್ತವೆ ಎಂದ ಅಜ್ಜ. ಅಪ್ಪ ಕಲ್ಲು ಹೊತ್ತ. ಗಣಿತದಲ್ಲಿ ನಪಾಸಾದ. ಮತ್ತೆ ಪರೀಕ್ಷೆಗೆ ಕಟ್ಟುತ್ತೇನೆ ಎಂದಾಗ ಬಿತ್ತಿಗೆ, ಆಮೇಲೆ ಕಳೆ, ಆಮೇಲೆ ಸುಗ್ಗಿ. ಕಟ್ಟಲಿಲ್ಲ. ತಂದೆ ಮಗ ಒಂದು ವರ್ಷ ಮಾತಾಡಲಿಲ್ಲ, ಅಮ್ಮನ ಮೂಲಕವೇ ಎಲ್ಲ. ಅಪ್ಪ ಇವತ್ತಿಗೂ ಆ ಒಡ್ಡನ್ನು ತೋರಿಸಿ “ಅಲ್ಲಿದೆ ನೋಡು ನನ್ನ ಎಸ್ಸೆಸ್ಸೆಲ್ಸಿ” ಎನ್ನುತ್ತಾನೆ. ದುಡಿಯುವವರನ್ನು ಹೊಗಳುವಾಗ ನಾವು ಅವರ ಪಕ್ಕದಲ್ಲಿ ದುಡಿದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಜ್ಜನ ದುಡಿಮೆಗೆ ಅಪ್ಪನೂ ಬೆಲೆ ತೆತ್ತಿದ್ದಾನೆ. ಅವನನ್ನು ಕೇಳಿ ಯಾರೂ ತೆರಿಸಿದ್ದಲ್ಲ.

ಅಜ್ಜ ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿಲ್ಲ. ಆದರೆ 2009ರಲ್ಲಿ ನನಗೆ ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಾಗ, ಆರನೇ ವೇತನ ಆಯೋಗದಿಂದ ಅವನಿಗೆ ಬಂದ ಪಿಂಚಣಿಯ ಬಾಕಿ ಹಣವನ್ನು ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಗಂಟನ್ನು ನನ್ನ ಕೈಗೆ ಕೊಡಲಿಲ್ಲ. ಅಪ್ಪನ ಮುಂದೆ ಇಟ್ಟು, “ಕಾಲೇಜಿಗೆ ನೀನೇ ಹೋಗಿ ಕಟ್ಟಿ ಬಾ” ಎಂದ. ಅಪ್ಪ ಹೊಸ ಅಂಗಿ ಹಾಕಿಕೊಂಡು ಹೋಗಿ, ಸಾಲಿನಲ್ಲಿ ನಿಂತು ಕಟ್ಟಿ, ರಸೀದಿಯನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ. ರಸೀದಿ ಈಗಲೂ ಅವನ ಬಳಿಯೇ ಇದೆ.

ಯುದ್ಧದ ಕಥೆ? ನಾವೂ ಕಾಡಿದ್ದೇವೆ. ಆಗಸ್ಟ್ 15ಕ್ಕೆ ಶಾಲೆಯವರು ಪ್ರತಿ ವರ್ಷ ಕರೆದು ಶಾಲು ಹೊದಿಸುತ್ತಿದ್ದರು. ಒಮ್ಮೆ ಮಾತಾಡಲೇಬೇಕು ಎಂದು ಹಟ ಹಿಡಿದಾಗ ಎದ್ದು ನಿಂತು, ಶಾಲೆಯ ಹಿಂದಿನ ಚರಂಡಿ ಕಟ್ಟಿಕೊಂಡಿದೆ, ಅದರ ಇಳಿಜಾರೇ ತಪ್ಪಿದೆ, ನಾಳೆ ನಾಲ್ಕು ಹುಡುಗರು ಸಲಿಕೆ ತಂದರೆ ಸರಿಮಾಡಬಹುದು ಎಂದು ಹೇಳಿ ಕುಳಿತ. ವೇದಿಕೆಯ ಮೇಲಿದ್ದವರು ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಮುಖ ಮುಖ ನೋಡಿಕೊಂಡರು. ಮರುದಿನ ಅವನು ಹೋದ. ಹುಡುಗರು ಇಬ್ಬರೇ ಬಂದಿದ್ದರು.

ಒಂದೇ ಒಂದು ಸಲ ಮಾತು ಜಾರಿತು. ಶೇಂಗಾ ಕಿತ್ತ ಮೇಲೆ ನೆಲದಲ್ಲಿ ಕಾಯಿ ಉಳಿದಿರುತ್ತವೆ, ಮಕ್ಕಳು ಹಕ್ಕಲು ಆಯಲು ಹೋಗುತ್ತೇವೆ. ನನಗಾಗ ಎಂಟೋ ಒಂಬತ್ತೋ. ಒಂದು ಕಬ್ಬಿಣದ ಕಡ್ಡಿ ಹಿಡಿದು ನೆಲವನ್ನು ನೆಟ್ಟಗೆ ಕುಟ್ಟುತ್ತಿದ್ದೆ. ಅಜ್ಜ ಬಂದು ಕೈ ಹಿಡಿದ. “ಹಾಗಲ್ಲ ತಮ್ಮ. ಓರೆಯಾಗಿ. ಮೆಲ್ಲಗೆ. ಗಟ್ಟಿ ಸಿಕ್ಕರೆ ನಿಲ್ಲಿಸು, ಒತ್ತಬೇಡ, ಬದಿಯಿಂದ ಮಣ್ಣು ಬಿಡಿಸು.” ಮೊಣಕಾಲೂರಿ ತಾನೇ ತೋರಿಸಿದ. ಕಡ್ಡಿ ನೆಲಕ್ಕೆ ಎಷ್ಟು ಓರೆಯಾಗಿತ್ತೆಂದರೆ ಹೆಚ್ಚು ಕಡಿಮೆ ಮಲಗಿಯೇ ಇತ್ತು. ಗೇಣಿಗೊಮ್ಮೆ ಚುಚ್ಚುತ್ತ ಒಂದು ಸಾಲು, ಆಮೇಲೆ ಪಕ್ಕದ ಸಾಲು. ನಾನು ಏಕೆ ಎಂದು ಕೇಳಿದೆ.

“ನೆಟ್ಟಗೆ ಚುಚ್ಚಿದರೆ ಮೇಲಿನ ತಟ್ಟೆಗೇ ತಗಲುತ್ತದೆ.”

“ಶೇಂಗಾಕ್ಕೆ ಎಲ್ಲಿಯ ತಟ್ಟೆ ಅಜ್ಜಾ?”

ಅವನು ಕಡ್ಡಿಯನ್ನು ನೆಲದ ಮೇಲಿಟ್ಟ. ಸಿಕ್ಕಿದ್ದ ನಾಲ್ಕು ಕಾಯಿಗಳ ಮಣ್ಣನ್ನು ತಿಕ್ಕಿ ನನ್ನ ಚಡ್ಡಿಯ ಜೇಬಿಗೆ ಹಾಕಿದ. “ಹೋಗು, ಅಮ್ಮ ಕರೆಯುತ್ತಿದ್ದಾಳೆ,” ಎಂದ. ಅಮ್ಮ ಕರೆದಿರಲಿಲ್ಲ.

2017ರ ಮಾರ್ಚ್‌ನಲ್ಲಿ ಅಜ್ಜ ತೀರಿಕೊಂಡ. ಮೂರು ದಿನದ ಜ್ವರ, ಹೆಚ್ಚೇನೂ ನರಳಲಿಲ್ಲ. ಅಮ್ಮನ ಕುಟುಂಬ ಪಿಂಚಣಿಗಾಗಿ ಕರಿ ಟ್ರಂಕು ತೆಗೆದೆವು. ಅವಳ ಹೆಸರಿನ ಕಾಗುಣಿತ ಪಿಂಚಣಿ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಅದನ್ನು ತಿದ್ದಿಸಲು ಹದಿನಾಲ್ಕು ತಿಂಗಳು ಹಿಡಿದ ಕಥೆ ಇಲ್ಲಿ ಬೇಡ, ಹೇಳಲು ಕುಳಿತರೆ ನನ್ನ ಭಾಷೆ ಕೆಡುತ್ತದೆ. ಟ್ರಂಕಿನ ತಳದಲ್ಲಿ ಒಂದು ಬೂಟ್ ಪಾಲಿಶ್ ಡಬ್ಬಿ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಪದಕಗಳು. 1965ರ ರಕ್ಷಾ ಪದಕ, 1971ರ ಸಂಗ್ರಾಮ್ ಪದಕ, ಜೊತೆಗೆ ಪಶ್ಚಿಮಿ ಸ್ಟಾರ್. ಎಪ್ಪತ್ತೊಂದರಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್ ಕೊಟ್ಟರು, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ. ಅಂದರೆ ಊರಿನಲ್ಲಿ ಡಾಕಾದ ಪೇಡೆ ಹಂಚುವಾಗ ಅಜ್ಜ ಡಾಕಾದಿಂದ ಸುಮಾರು ಸಾವಿರ ಮೈಲಿ ಆಚೆ ಇದ್ದ. ಒಂದು ಹಳೆಯ ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ ಬರೆದುಕೊಂಡಿದ್ದ: ಶಕರ್‌ಗಢ.

ಆಮೇಲೆ ನಾನು ಹುಡುಕಿ ಓದಿದೆ. ಅದು ಪಾಕಿಸ್ತಾನದ ಪಂಜಾಬಿನಲ್ಲಿರುವ ಊರು. ಶಕರ್‌ಗಢದಲ್ಲಿ ಬಸಂತರ್ ನದಿ, ಅದರ ಆಚೆ ಈಚೆ ಅಗಲವಾದ ಮೈನುಗಳ ಬಯಲು. 1971ರ ಡಿಸೆಂಬರ್ 15ರ ರಾತ್ರಿ ಸ್ಯಾಪರ್‌ಗಳು ಅಲ್ಲಿ ಟ್ಯಾಂಕುಗಳಿಗೆ ದಾರಿ ಬಿಡಿಸುತ್ತಿದ್ದರು. ಕೆಲಸ ಪೂರ್ತಿ ಮುಗಿಯುವ ಮೊದಲೇ ನಮ್ಮ ಸೇನೆಯ ಪೂನಾ ಹಾರ್ಸ್‌ನ ಟ್ಯಾಂಕುಗಳು ಅದೇ ದಾರಿಯಲ್ಲಿ ನುಗ್ಗಿದವು. ಮರುದಿನದ ಕಾಳಗದಲ್ಲಿ 21 ವರ್ಷದ ಅರುಣ್ ಖೇತರ್‌ಪಾಲ್ ಮಡಿದ, ಪರಮವೀರ ಚಕ್ರ ಬಂತು. ಅಜ್ಜ ಆ ರಾತ್ರಿ ಅಲ್ಲೇ ಇದ್ದ ಎಂದು ನಾನು ಹೇಳುವುದಿಲ್ಲ, ನನ್ನ ಬಳಿ ಇರುವುದು ಪೆನ್ಸಿಲಿನ ಒಂದು ಪದ ಅಷ್ಟೆ. ಆದರೆ ಮೈನುಗಳನ್ನು ಕೈಯಿಂದ ಹುಡುಕುವ ಬಗೆಯನ್ನು ಓದುವಾಗ ನನಗೆ ಮೈ ಜುಮ್ಮೆಂದಿತು. ಹೊಟ್ಟೆಯ ಮೇಲೆ ಮಲಗಿ ಕಡ್ಡಿಯನ್ನು ಓರೆಯಾಗಿ ಚುಚ್ಚಬೇಕು, ಒತ್ತಿದರೆ ಸಿಡಿಯುವುದು ಮೇಲಿನ ತಟ್ಟೆಯಾದ್ದರಿಂದ ಬದಿಗೆ ತಗಲಬೇಕು. ನಿರಪಾಯದ ದಾರಿಗೆ ಗುರುತೆಂದು ಬಿಳಿ ಪಟ್ಟಿ ಎಳೆಯಬೇಕು. ಧೋತರದ ಚಿಂದಿಗಳು ಕಣ್ಣ ಮುಂದೆ ಬಂದವು. ಎದ್ದು ಹೋಗಿ ನೀರು ಕುಡಿದೆ.

ಇದಕ್ಕೂ ಮೊದಲು, 2013ರಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೈಟಿನಿಂದ ಮಟ್ಟ ನೋಡುವ ಆಟೋ ಲೆವೆಲ್ ಯಂತ್ರ ತಂದು ಅಜ್ಜನ ಮೂರನೆಯ ಒಡ್ಡನ್ನು ಅಳೆದಿದ್ದೆ. ನನ್ನ ವಿದ್ಯೆಯನ್ನು ತೋರಿಸುವ ಚಪಲ, ಇನ್ನೇನು. ನೂರ ಎಂಬತ್ತು ಅಡಿ ಉದ್ದಕ್ಕೆ ಎಲ್ಲಿಯೂ ಒಂದು ಇಂಚಿನಷ್ಟು ವ್ಯತ್ಯಾಸ ಇರಲಿಲ್ಲ, ಮೂಡಣ ತುದಿಯನ್ನು ಬಿಟ್ಟು. ಅಲ್ಲಿ ಎರಡು ಇಂಚು ತಗ್ಗು ತೋರಿಸಿತು. ಅಜ್ಜ ಯಂತ್ರದ ಕಣ್ಣಿನಲ್ಲಿ ಇಣುಕಿಯೂ ನೋಡದೆ, “ಮೂಡಣ ತುದಿ ಕುಸಿದಿರಬೇಕು. ಅಲ್ಲಿ ಕೆಳಗೆ ಇಲಿಯ ಬಿಲ ಇತ್ತು,” ಎಂದ. ಅಪ್ಪ ದೂರದಲ್ಲಿ ಎಡೆಕುಂಟೆ ಹೊಡೆಯುತ್ತಿದ್ದ. ನಾವು ಕರೆದರೂ ಬರಲಿಲ್ಲ.

2019ರ ಅಕ್ಟೋಬರ್‌ನಲ್ಲಿ ಚಿತ್ತಿ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ನಾನು ರಜೆಗೆ ಊರಿಗೆ ಬಂದಿದ್ದೆ. ಕರೆಂಟ್ ಹೋಗಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಎಚ್ಚರವಾದಾಗ ಅಪ್ಪನ ಹಾಸಿಗೆ ಖಾಲಿ, ಗೋಡೆಗಿದ್ದ ಸಲಿಕೆ ಇಲ್ಲ, ಟಾರ್ಚ್ ಇಲ್ಲ. ನಾನೂ ಅಮ್ಮನೂ ಬಾಗಿಲಲ್ಲಿ ಕುಳಿತೆವು. ಹೊಲದ ಕಡೆ ಒಂದು ಬೆಳಕು ಅತ್ತಿತ್ತ ಹೋಗುತ್ತಿತ್ತು, ಮತ್ತೆ ಮತ್ತೆ ಒಂದೇ ಕಡೆ ನಿಲ್ಲುತ್ತಿತ್ತು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, “ಮೂರನೆಯ ಒಡ್ಡು,” ಎಂದಳು.

ಒಂದೂವರೆ ತಾಸಿನ ಮೇಲೆ ಅಪ್ಪ ಬಂದ. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ತೊಡೆಯವರೆಗೆ ಕೆಸರು. ಕೋಡಿಗೆ ಕಸ ಕಟ್ಟಿಕೊಂಡಿತ್ತು, ತೆಗೆದೆ ಎಂದ. ಒಡ್ಡು ನಿಂತಿದೆ, ಆದರೆ ಮೂಡಣ ತುದಿಯ ಮೇಲೆ ನೀರು ಹರಿಯುತ್ತಿದೆ, ಮಳೆ ಬಿಟ್ಟ ಮೇಲೆ ಒಂದು ವರಸೆ ಕಲ್ಲು ಏರಿಸಬೇಕು ಎಂದ. ನಾನು ಸೈಟಿನಿಂದ ಯಂತ್ರ ತರುತ್ತೇನೆ, ಅರ್ಧ ತಾಸಿನ ಕೆಲಸ ಎಂದೆ. ಅಪ್ಪ ತಲೆ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಅಜ್ಜನ ಟ್ಯೂಬ್ ಎಲ್ಲಿದೆ?”

ಟ್ರಂಕಿನ ಹಿಂದೆ, ಮೊಳೆಗೆ ಸುರುಳಿ ಸುತ್ತಿ ನೇತುಹಾಕಿತ್ತು. ಅಮ್ಮ ಕಂದೀಲು ಹಿಡಿದಳು. ತೆಗೆದು ಬಿಚ್ಚಿದರೆ ಹಳದಿಗಟ್ಟಿ, ಮಡಿಕೆಯಲ್ಲೆಲ್ಲ ಸೀಳಿತ್ತು. ಅಪ್ಪ ಅದನ್ನು ಮೊದಲಿನಿಂದ ತುದಿಯವರೆಗೆ ಮೊಳ ಹಾಕಿ ಅಳೆದ.

“ನಾಳೆ ಮುಂಡರಗಿಗೆ ಹೋದರೆ ಹೊಸದು ತಾ. ನಲವತ್ತು ಅಡಿ,” ಎಂದ. “ಇನ್ನೊಂದು ತುದಿ ನೀನು ಹಿಡಿಯಬೇಕು.”